ಭಾವನ ಅಪಾಯ ಪಾರಾಯಣ

ನಮ್ಮ ಭಾವ ಒಂದು ಕಂಪನಿ ಶುರು ಮಾಡಿದರು. ಆ ಕಂಪನಿಗೆ ಯಾರೂ ಒಂದು ರೂಪಾಯಿ ಹಾಕದ ಹಾಗೆ ಶ್ರದ್ಧೆಯಿಂದ ನೋಡಿಕೊಂಡವರೂ ನಮ್ಮ ಭಾವನೇ! ಹೊಸ ಕಂಪನಿಯ ಹೆಸರು ಕೆಡಿಸಲು ಸಾಮಾನ್ಯವಾಗಿ ಪ್ರತಿಸ್ಪರ್ಧಿಗಳು ಇರುತ್ತಾರೆ. ಭಾವ ಅವರಿಗೆ ಆ ಅವಕಾಶವನ್ನೇ ಕೊಡಲಿಲ್ಲ.

ಮುಂದೆ ಹೋಗುವ ಮೊದಲು ನನ್ನ ಬಗ್ಗೆ ಒಂದು ಎಚ್ಚರಿಕೆ. ಕಾಲೇಜು ದಿನಗಳಿಂದ ಡೈರಿ ಬರೆಯುತ್ತಿದ್ದೇನೆ. ಅದರಿಂದ ಆದ ಒಂದೇ ಪ್ರಯೋಜನವೆಂದರೆ ನನ್ನ ನೆನಪನ್ನು ನಂಬಬಾರದು ಎಂಬುದು ಗೊತ್ತಾಗಿದೆ. ಭಾವ ಅಕ್ಕನನ್ನು ನೋಡಲು ಮೈಸೂರಿನ ನಮ್ಮ ಮನೆಗೆ ಬಂದ ದಿನವನ್ನೇ ತೆಗೆದುಕೊಳ್ಳಿ. ಕೇಸರಿಬಾತಿನ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಅವರು ಅಪ್ಪನಿಗೆ ಹೇಳಿದ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ:

"ಸರ್, ಮೊದಲೇ ಹೇಳಿಬಿಡ್ತೀನಿ. ನಮ್ಮ ಮನೇಲಿ ಗಂಡಸರಿಗೆಲ್ಲ ನಲವತ್ತಕ್ಕೆ ಮುಂಚೆ ಕೂದಲು ಹೋಗುತ್ತೆ. ನಾನು ಗೊರಕೆ ಹೊಡೀತೀನಿ. ದೆಹಲೀಲಿ ಸರ್ಕಾರಿ ಪ್ರಯೋಗಾಲಯದ ಕೆಲಸ, ಕಾಯಂ ಅಂತ ನಿಮಗೆ ಹೇಳಿರ್ತಾರೆ. ಕಾಯಂ ನಿಜ. ಆದರೆ ನಾನು ಅದನ್ನ ಬಿಟ್ಟರೂ ಬಿಟ್ಟೆ."

"ಇನ್ನೇನಾದರೂ ಇದೆಯಾ?" ಎಂದರು ಅಪ್ಪ, ಗಾಬರಿಯಿಂದ.

"ಸದ್ಯಕ್ಕೆ ಇಷ್ಟೇ. ಮರೆತಿದ್ದು ನೆನಪಾದರೆ ಕಾಗದ ಹಾಕ್ತೀನಿ."

ಹಾಕಿದರು ಕೂಡ! ವಾರದ ನಂತರ ಇನ್‌ಲ್ಯಾಂಡ್ ಲೆಟರ್ ಬಂತು. ಎಡಗಾಲಿನ ಅಂಗಾಲಿನಲ್ಲಿ ಆಣಿ ಇದೆ, ಹೇಳಲು ಮರೆತಿದ್ದೆ, ಕ್ಷಮಿಸಬೇಕು. ಅಪ್ಪ ಆ ಕಾಗದ ಹಿಡಿದುಕೊಂಡು ತಲೆಯ ಮೇಲೆ ಕೈ ಹೊತ್ತು ಕೂತರು. ಅಕ್ಕ ಮಾತ್ರ "ಆಣಿಗೆ ಔಷಧಿ ನನಗೆ ಗೊತ್ತು" ಎಂದಳು. ಮದುವೆ ಗೊತ್ತಾಯಿತು.

ಇದೆಲ್ಲ ನಾನು ಕಣ್ಣಾರೆ ಕಂಡದ್ದು ಎಂದೇ ನಂಬಿದ್ದೆ. ಡೈರಿಯಲ್ಲಿ ಆ ದಿನ ಬರೆದಿರುವುದು ಹೀಗೆ: "ಎಕನಾಮಿಕ್ಸ್ ಟೆಸ್ಟ್ ಕಷ್ಟ ಇತ್ತು. ಮನೆಗೆ ಬರುವಷ್ಟರಲ್ಲಿ ಅಕ್ಕನನ್ನು ನೋಡಲು ಬಂದವರು ಹೋಗಿದ್ದರು." ಹಾಗಾದರೆ ಆ ಕೇಸರಿಬಾತಿನ ತಟ್ಟೆ ಎಲ್ಲಿಂದ ಬಂತು? ಅಕ್ಕ ನೂರು ಸಲ ಹೇಳಿ ನನ್ನ ತಲೆಯೊಳಗೆ ಇಟ್ಟಿರಬೇಕು. ಕಾಗದ ಮಾತ್ರ ನಿಜ. ಅದನ್ನು ನಾನೇ ಓದಿದ್ದೇನೆ.

ಎಂ.ಎ. ಓದಲು ನಾನು ದೆಹಲಿಗೆ ಬಂದಾಗ ಅವರಿಬ್ಬರೂ ಕಿದ್ವಾಯಿ ನಗರದ ಸರ್ಕಾರಿ ಕ್ವಾರ್ಟರ್ಸಿನಲ್ಲಿದ್ದರು. ನಾನೂ ಅಲ್ಲೇ ಸೇರಿಕೊಂಡೆ. ಭಾವನ ಕೂದಲು ಆಗಲೇ ಮಾತು ಉಳಿಸಿಕೊಂಡು ಹೋಗಿಯಾಗಿತ್ತು. ಕೆಲಸ ಹೋಗುವುದು ಬಾಕಿ ಇತ್ತು. ಎರಡು ವರ್ಷ ಕಳೆದು, ಒಂದು ಸಂಜೆ ಕಾಫಿ ಕುಡಿಯುತ್ತ "ರಾಜೀನಾಮೆ ಕೊಟ್ಟೆ" ಎಂದರು. ಕೆಲಸ ಬಿಟ್ಟ ಮೇಲೆ ಕ್ವಾರ್ಟರ್ಸ್ ಯಾರು ಕೊಡುತ್ತಾರೆ? ದೆಹಲಿಯ ಅಂಚಿನ ದ್ವಾರಕಾ ಬಡಾವಣೆಯಲ್ಲಿ ಒಂದು ಹೌಸಿಂಗ್ ಸೊಸೈಟಿಯ ಮೂರನೇ ಮಹಡಿಗೆ ಸಾಮಾನು ಸಾಗಿಸಿದೆವು. ಲಿಫ್ಟು ಬರುವುದಿತ್ತು. ನಾವು ಅಲ್ಲಿದ್ದಷ್ಟು ದಿನವೂ ಅದು ಬರುವುದರಲ್ಲೇ ಇತ್ತು.

ಕಂಪನಿಯ ಪ್ರಯೋಗಾಲಯ ಜನಕಪುರಿಯಲ್ಲಿ, ಬೆಡ್‌ಶೀಟ್ ಅಂಗಡಿಯೊಂದರ ಮೇಲಿನ ಮಹಡಿ. ಎಂ.ಎಸ್ಸಿ. ಮುಗಿಸಿದ ಇಬ್ಬರು ಹೆಣ್ಣುಮಕ್ಕಳು ಕೆಲಸಕ್ಕಿದ್ದರು. ಅಲ್ಲಿ ತಯಾರಾಗುತ್ತಿದ್ದದ್ದು ಬೆರಳುದ್ದದ ಕಾಗದದ ಪಟ್ಟಿ. ಅದರ ಮೇಲೆ ರೋಗಿಯ ಒಂದು ಹನಿ ರಕ್ತ ಹಾಕಿದರೆ, ಟೈಫಾಯ್ಡ್ ಇದ್ದಲ್ಲಿ ಕಾಲು ಗಂಟೆಯೊಳಗೆ ಕೆಂಪು ಗೆರೆ ಮೂಡಬೇಕು. ದೊಡ್ಡ ಆಸ್ಪತ್ರೆ ಬೇಡ, ಯಂತ್ರ ಬೇಡ, ಹಳ್ಳಿಯ ನರ್ಸಮ್ಮ ಕೂಡ ನೋಡಿ ಹೇಳಬಹುದು. ಮೂಡಬೇಕು ಎಂದೆ, ಮೂಡುತ್ತದೆ ಎನ್ನಲಿಲ್ಲ. ಭಾವನ ಜೊತೆಗಿದ್ದು ನನಗೂ ಅದು ಅಭ್ಯಾಸವಾಗಿದೆ.

ಬಾಗಿಲಿಗೆ ಬೋರ್ಡು ಹಾಕಿದ ಮರುದಿನದಿಂದ ಜನಕಪುರಿಯವರು ಬಾಟಲಿಗಳನ್ನು ಹಿಡಿದುಕೊಂಡು ಮೆಟ್ಟಿಲು ಹತ್ತತೊಡಗಿದರು. ಬೋರ್ಡಿನಲ್ಲಿ ಬಯೋ ಎಂದಿದ್ದರೆ ರಕ್ತ, ಮೂತ್ರ ಪರೀಕ್ಷೆ ಮಾಡುವ ಲ್ಯಾಬೇ ಎಂದು ಅವರ ತೀರ್ಮಾನ. ಬೇರೆಯವರಾಗಿದ್ದರೆ "ಇಲ್ಲಿ ಮಾಡಲ್ಲ" ಎಂದು ಕಳಿಸುತ್ತಿದ್ದರು. ಭಾವ ಪ್ರತಿಯೊಬ್ಬರನ್ನೂ ಕೂರಿಸಿ, ನೀರು ಕೊಟ್ಟು, ಇದು ಸಂಶೋಧನೆ, ಇನ್ನೂ ಸಾಬೀತಾಗಿಲ್ಲ, ಆಗದೆಯೂ ಇರಬಹುದು ಎಂದು ವಿವರಿಸುತ್ತಿದ್ದರು. ಒಬ್ಬ ಸರ್ದಾರ್ಜಿ ಬಾಟಲಿಯನ್ನು ಕೈಯಲ್ಲೇ ಹಿಡಿದುಕೊಂಡು ಅರ್ಧ ಗಂಟೆ ಕೇಳಿದರು. ಕೊನೆಗೆ ಎದ್ದು, "ಅಚ್ಛಾ ಜೀ, ಮೇರೀ ರಿಪೋರ್ಟ್ ಕಲ್ ಮಿಲ್ ಜಾಯೇಗೀ?" ಎಂದರು, ನನ್ನ ರಿಪೋರ್ಟು ನಾಳೆ ಸಿಗುತ್ತದಲ್ಲವೇ ಎಂದು.

ಪಟ್ಟಿಗೆ ಬೇಕಾದ ದ್ರವವನ್ನು ಸದಾ ತಣ್ಣಗಿಡಬೇಕು. ಬೇಸಿಗೆಯಲ್ಲಿ ಜನಕಪುರಿಯಲ್ಲಿ ಕರೆಂಟು ಹೋದರೆ ಬರುವ ಹೊತ್ತು ಯಾರಿಗೂ ಗೊತ್ತಿಲ್ಲ. ಭಾವ ಐಸ್ ತುಂಬಿದ ಡಬ್ಬಿಯಲ್ಲಿ ಶೀಶೆಗಳನ್ನಿಟ್ಟುಕೊಂಡು ಆಟೋ ಹತ್ತಿ ಮನೆಗೆ ಓಡಿ ಬರುತ್ತಿದ್ದರು. ಫ್ರಿಜ್ಜಿನಲ್ಲಿದ್ದ ಮೊಸರು, ದೋಸೆಹಿಟ್ಟು, ಕೊತ್ತಂಬರಿ ಸೊಪ್ಪು ಎಲ್ಲವೂ ಹೊರಗೆ. ಶೀಶೆಯೊಳಗಿನದು ಮೊಲದ ರಕ್ತದಿಂದ ತೆಗೆದದ್ದು ಎಂದು ಕೇಳಿದ ದಿನ ಅಕ್ಕ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಈ ಮನೇಲಿ ನನ್ನ ಮೊಸರಿಗಿಂತ ಮೊಲದ ರಕ್ತಕ್ಕೆ ಮರ್ಯಾದೆ ಜಾಸ್ತಿಯಾಯ್ತಾ?"

"ಮೊಸರು ಕೆಟ್ಟರೆ ಮಜ್ಜಿಗೆ ಹುಳಿ ಮಾಡಬಹುದು ಕಣೇ. ಇದು ಕೆಟ್ಟರೆ ಏನು ಮಾಡ್ತೀಯ?" ಎಂದರು ಭಾವ. ಅವರು ತಮಾಷೆಗೆ ಕೇಳಿರಲಿಲ್ಲ.

ಇನ್ನು ಪಾರಾಯಣ. ಕಂಪನಿಗೆ ಹೊರಗಿನ ಹಣ ಬೇಕೇ ಬೇಕಿತ್ತು. ಪರಿಚಯದ ಕನ್ನಡಿಗರಲ್ಲಿ ಕೆಲವರಿಗೆ ಆಸಕ್ತಿಯೂ ಇತ್ತು. ವಿಜ್ಞಾನಿ, ಪ್ರಾಮಾಣಿಕ, ನಮ್ಮವರು, ಇನ್ನೇನು ಬೇಕು? ಆದರೆ ಭಾವನಿಗೆ ಒಂದು ನಿಯಮ. ಹಣ ಹಾಕುವವರು ಭಾನುವಾರ ಬೆಳಿಗ್ಗೆ ದಂಪತಿ ಸಮೇತ ಮನೆಗೆ ಬರಬೇಕು. ಕಂಪನಿಗೆ ಇರುವ ಅಪಾಯಗಳನ್ನೆಲ್ಲ ಭಾವ ಹನ್ನೊಂದು ಪುಟ ಬರೆದಿಟ್ಟಿದ್ದರು. ಅದನ್ನು ಗಟ್ಟಿಯಾಗಿ ಓದುತ್ತಾರೆ. ಒಂದೊಂದು ಅಪಾಯಕ್ಕೂ ಕೇಳುಗರು "ಹೂಂ" ಎನ್ನಬೇಕು. ಅನ್ನದಿದ್ದರೆ ಮತ್ತೆ ಓದುತ್ತಾರೆ. ಅದೇ ದಿನ ಒಪ್ಪಿಕೊಳ್ಳುವ ಹಾಗಿಲ್ಲ. ಕೊನೆಯಲ್ಲಿ ಅಕ್ಕ ಮಾಡಿದ ಸಜ್ಜಿಗೆ. ಸತ್ಯನಾರಾಯಣ ಕಥೆಗೂ ಇದಕ್ಕೂ ವ್ಯತ್ಯಾಸ ಒಂದೇ: ಅಲ್ಲಿ ಕೊನೆಗೆ ಮುಳುಗಿದ ಹಡಗು ಮೇಲೆ ಬರುತ್ತದೆ!

ನಮ್ಮ ಸೊಸೈಟಿಯಲ್ಲೇ ಇದ್ದ ನಿವೃತ್ತ ಅಧಿಕಾರಿಯೊಬ್ಬರು ಹೆಂಡತಿಯೊಂದಿಗೆ ಬಂದರು. ಭಾವ ಕನ್ನಡಕ ಏರಿಸಿ ಶುರು ಮಾಡಿದರು.

"ಒಂದು. ಪಟ್ಟಿ ಕೆಲಸ ಮಾಡದೇ ಇರಬಹುದು."

"ಹೂಂ."

"ಎರಡು. ಕೆಲಸ ಮಾಡಿದರೂ ಸರ್ಕಾರದ ಲೈಸೆನ್ಸ್ ಸಿಗದೇ ಇರಬಹುದು. ಮೂರು. ಸಿಗೋ ಹೊತ್ತಿಗೆ ನಿಮ್ಮ ಹಣ ಖರ್ಚಾಗಿ ಹೋಗಿರಬಹುದು."

"ಹೂಂ... ಹೂಂ."

"ನಾಲ್ಕು. ಹಣ ಉಳಿದಿದ್ದರೂ, ದೊಡ್ಡ ಕಂಪನಿಯವರು ಇದನ್ನೇ ಅರ್ಧ ಬೆಲೆಗೆ ಮಾರಬಹುದು. ಐದು. ಮನಸ್ಸು ಬದಲಾಗಿ ನಿಮ್ಮ ಷೇರು ಮಾರಬೇಕು ಅಂದರೆ ಕೊಳ್ಳೋರು ಯಾರೂ ಇರಲ್ಲ. ಆರು. ಇಡೀ ಕಂಪನಿ ಒಬ್ಬ ಮನುಷ್ಯನ ಮೇಲೆ ನಿಂತಿದೆ. ಅವನಿಗೆ ಸಕ್ಕರೆ ಕಾಯಿಲೆ ಇದೆ. ದಿನಾ ಎರಡು ಸಲ ಬಸ್ಸು ಲಾರಿ ನುಗ್ಗೋ ಪಂಖಾ ರೋಡನ್ನ ನಡೆದು ದಾಟ್ತಾನೆ."

"ಏಳ್ರೀ, ಮನೆಗೆ ಹೋಗೋಣ" ಎಂದರು ಆ ಹೆಂಗಸು.

"ಇರೇ, ಸಜ್ಜಿಗೆ ಬರಲಿ" ಎಂದರು ಅಧಿಕಾರಿಗಳು.

ಸಜ್ಜಿಗೆ ಬಂತು, ತಿಂದರು, ಹೋದರು. ಆ ಬೇಸಿಗೆಯಲ್ಲಿ ಹಾಗೆ ತಿಂದು ಹೋದವರು ಎಷ್ಟು ಮಂದಿಯೋ! ಅಕ್ಕ ಖಾಲಿ ಬಾಣಲೆ ಎತ್ತುತ್ತ ಹೇಳಿದಳು: "ಬಂದವರಿಗೆಲ್ಲ ಸಜ್ಜಿಗೆ ಹಾಕಿ ರವೆಯಲ್ಲೇ ನಾವು ದಿವಾಳಿ ಆಗ್ತೀವಿ. ಅದನ್ನೂ ಬರ್ಕೊಳಿ."

ಭಾವ ಒಂದು ಕ್ಷಣ ಯೋಚಿಸಿ ಪೆನ್ನು ತೆಗೆದರು.

ನಗುವುದಕ್ಕೆ ಚೆನ್ನಾಗಿದೆ. ಆದರೆ ಭಾವನ ಭವಿಷ್ಯ ನಿಧಿಯ ಹಣ ಕರಗುತ್ತ ಬಂದಿತ್ತು. ಮನೆ ನಡೆಯುತ್ತಿದ್ದದ್ದು ಅಕ್ಕನ ಶಾಲೆಯ ಸಂಬಳದಲ್ಲಿ. ಮಳೆಗಾಲದೊಳಗೆ ಹಣ ಬರದಿದ್ದರೆ ಪ್ರಯೋಗಾಲಯಕ್ಕೆ ಬೀಗ ಹಾಕಬೇಕು, ಆ ಇಬ್ಬರು ಹೆಣ್ಣುಮಕ್ಕಳನ್ನು ಕಳಿಸಬೇಕು. ಅಕ್ಕ ಒಂದು ದಿನ ಬಟ್ಟೆ ಮಡಿಸುತ್ತ, "ನಿಮ್ಮ ಆಫೀಸಿನಲ್ಲಿ ದೊಡ್ಡೋರೆಲ್ಲ ಬರ್ತಾರಲ್ಲ, ಯಾರಿಗಾದರೂ ಹೇಳಿ ನೋಡೇ" ಎಂದಳು. ಅಕ್ಕ ನನ್ನನ್ನು ಏನಾದರೂ ಕೇಳಿದ್ದು ಅದೇ ಮೊದಲು.

ಆಗ ನಾನು ಗುಡಗಾಂವಿನ ಒಂದು ಆಫೀಸಿನಲ್ಲಿ ಕೆಲಸಕ್ಕೆ ಸೇರಿ ವರ್ಷವಾಗಿತ್ತು. ಕಂಪನಿಗಳಿಗೆ ವರದಿ, ಪ್ರಸ್ತಾವನೆ ಬರೆದುಕೊಡುವುದು ನಮ್ಮ ಕಸುಬು. ನಷ್ಟ ಎಂಬ ಪದವನ್ನು ಬಳಸದೆ ನಷ್ಟದ ಬಗ್ಗೆ ನಾಲ್ಕು ಪುಟ ಬರೆಯಬಲ್ಲೆನೆಂದು ನನಗೆ ಹೆಸರಿತ್ತು. ನನ್ನ ಬಾಸ್‌ಗೆ, ಹೊಸ ಕಂಪನಿಗಳಲ್ಲಿ ಹಣ ತೊಡಗಿಸುವ ಒಬ್ಬ ಸಾಹುಕಾರರ ಪರಿಚಯವಿತ್ತು. "ಕಾಗದಪತ್ರ ಕೊಡು, ಕಳಿಸೋಣ" ಎಂದರು. ನಾನು ಭಾವನ ಹನ್ನೊಂದು ಪುಟಗಳನ್ನು ಕೂತು ತಿದ್ದಿದೆ. ಅರ್ಧ ಪುಟವಾಯಿತು. ಕೊನೆಯ ಪುಟದಲ್ಲಿ ಭಾವ ಬರೆದಿದ್ದರು: ಪಟ್ಟಿ ಬಹಳ ದಿನ ಬಿಸಿಲಿನ ಶಾಖದಲ್ಲಿದ್ದರೆ ಕಾಯಿಲೆ ಇದ್ದವರಲ್ಲೂ ಗೆರೆ ಮೂಡುವುದಿಲ್ಲ, ಇದಕ್ಕೆ ಪರಿಹಾರ ಇನ್ನೂ ಸಿಕ್ಕಿಲ್ಲ. ನಾನು ಅದನ್ನು "ಶಾಖ ನಿರ್ವಹಣೆಯಲ್ಲಿ ಮತ್ತಷ್ಟು ಸುಧಾರಣೆಗೆ ಅವಕಾಶವಿದೆ" ಎಂದು ಮಾಡಿದೆ. ಓದಿ ನೋಡಿ ನನಗೇ ಖುಷಿಯಾಯಿತು.

"ಭಾಷೆ ಸ್ವಲ್ಪ ತಿದ್ದಿದೀನಿ ಭಾವ."

"ನೀನು ಓದಿದೋಳು, ನೋಡ್ಕೋ" ಎಂದರು. ತೆರೆದೂ ನೋಡಲಿಲ್ಲ. ಜಗತ್ತಿನ ಎಲ್ಲವನ್ನೂ ಸಂಶಯದಿಂದ ನೋಡುವ ಮನುಷ್ಯ!

ಗುಡಗಾಂವಿನ ಗಾಜಿನ ಕಟ್ಟಡವೊಂದರಲ್ಲಿ ಮೀಟಿಂಗು. ಸಾಹುಕಾರರು, ನನ್ನ ಬಾಸ್, ಭಾವ, ನಾನು. ಎ.ಸಿ. ಎಷ್ಟಿತ್ತೆಂದರೆ ಭಾವ ಒಳಗೆ ಬಂದವರೇ "ನಮ್ಮ ಶೀಶೆಗಳನ್ನ ಇಲ್ಲೇ ತಂದಿಡಬಹುದು" ಎಂದು ನನ್ನ ಕಿವಿಯಲ್ಲಿ ಹೇಳಿದರು. ಸಾಹುಕಾರರು ಹಿಂದಿಯಲ್ಲಿ ಬಹಳ ವಿಶ್ವಾಸದಿಂದ ಮಾತಾಡಿದರು.

"ಡಾಕ್ಟರ್ ಸಾಬ್, ಇಷ್ಟು ಕಡಿಮೆ ಅಪಾಯ ಇರೋ ಬಯೋಟೆಕ್ ಕಂಪನಿಯನ್ನ ನಾನು ನೋಡಿಯೇ ಇಲ್ಲ."

"ನಾನೂ ನೋಡಿಲ್ಲ" ಎಂದರು ಭಾವ. "ಎಲ್ಲಿ, ಆ ಕಾಗದ ಕೊಡಿ."

ಕನ್ನಡಕ ಹಾಕಿಕೊಂಡು ನನ್ನ ಅರ್ಧ ಪುಟವನ್ನು ಓದಿದರು. ಇನ್ನೊಮ್ಮೆ ಓದಿದರು. ನನ್ನ ಕಡೆ ನೋಡಲಿಲ್ಲ. ಆಮೇಲೆ ಬಟ್ಟೆಯ ಚೀಲದಿಂದ ತಮ್ಮ ಹನ್ನೊಂದು ಪುಟಗಳನ್ನು ತೆಗೆದು, ಒಂದರಿಂದ ಓದಲು ಶುರು ಮಾಡಿದರು. ಐದನೆಯದಕ್ಕೆ ಬರುವಾಗ ಸಾಹುಕಾರರು ನಕ್ಕರು. "ಆಪ್ ಪೈಸಾ ಲೇನೇ ಆಯೇ ಹೈಂ ಯಾ ಲೌಟಾನೇ?" ತೆಗೆದುಕೊಳ್ಳಲು ಬಂದಿದ್ದೀರೋ, ವಾಪಸು ಕೊಡಲೋ ಎಂದು. ಭಾವನೂ ನಕ್ಕು, ಆರನೆಯದನ್ನು ಓದಿದರು. ಕೊನೆಯ ಪುಟ ಮುಗಿದಾಗ ಯಾರೂ ನಗುತ್ತಿರಲಿಲ್ಲ.

ಸಾಹುಕಾರರು ನನ್ನ ಬಾಸ್ ಕಡೆ ತಿರುಗಿದರು. "ಇದು ನನಗೆ ಕಳಿಸಿದ್ದರಲ್ಲಿ ಯಾಕಿಲ್ಲ? ಯಾರು ತೆಗೆದದ್ದು?"

ಬಾಸ್ ನನ್ನ ಕಡೆ ತಿರುಗಿದರು. ಅವರ ಮುಖ ನೋಡಿದರೆ ನನ್ನ ನೌಕರಿ ಅಲ್ಲೇ ಮುಗಿದ ಹಾಗಿತ್ತು. ನಾನು ಮೇಜಿನ ಮೇಲಿದ್ದ ನೀರಿನ ಲೋಟವನ್ನು ನೋಡುತ್ತಿದ್ದೆ. ಎಷ್ಟು ಹೊತ್ತು? ಎರಡು ಸೆಕೆಂಡೋ, ಒಂದು ನಿಮಿಷವೋ. ಹೇಳಬೇಕೆಂದು ಬಾಯಿ ತೆರೆದಿದ್ದೆ ಎಂದು ನನ್ನ ನೆನಪು ಹೇಳುತ್ತದೆ. ನಾನದನ್ನು ನಂಬುವುದಿಲ್ಲ.

"ನಾನೇ ತೆಗೆಸಿದ್ದು" ಎಂದರು ಭಾವ. "ಈ ಹುಡುಗಿಗೆ ಇಷ್ಟು ಪುಟ ಇದೆ ಅಂತಲೇ ಗೊತ್ತಿರಲಿಲ್ಲ."

"ಮತ್ತೆ ಈಗ ಯಾಕೆ ಓದಿದಿರಿ?"

ಅಭ್ಯಾಸವಿಲ್ಲದ ಕೆಲಸ ನೋಡಿ, ಮುಂದಿನ ಮಾತನ್ನು ಅವರು ಸಿದ್ಧ ಮಾಡಿಕೊಂಡಿರಲಿಲ್ಲ. ಬೋಳು ತಲೆಯನ್ನೊಮ್ಮೆ ಸವರಿಕೊಂಡು, "ಹೆದರಿಕೆ ಆಯ್ತು" ಎಂದರು. ಸಾಹುಕಾರರು ಮರ್ಯಾದಸ್ಥರು. ಚಹಾ ಕೊಡಿಸಿ ಫೈಲು ಮುಚ್ಚಿದರು.

ಮಳೆ ಬರುವ ಮುಂಚೆ ಜನಕಪುರಿಯ ಬೋರ್ಡು ಇಳಿಯಿತು. ಆ ಹೆಣ್ಣುಮಕ್ಕಳಿಗೆ ಭಾವ ತಾವೇ ಓಡಾಡಿ ಬೇರೆ ಕಡೆ ಕೆಲಸ ಕೊಡಿಸಿದರು. ಆಮೇಲೆ ಒಂದು ಕಾಲೇಜಿನಲ್ಲಿ ಪಾಠ ಹೇಳಲು ಹೋದರು. ನನ್ನ ನೌಕರಿ ಉಳಿಯಿತು. ಮೀಟಿಂಗಿನ ದಿನದ ಡೈರಿಯಲ್ಲಿ ನಾನು ಬರೆದಿರುವುದು ಇಷ್ಟೇ: "ಕೆಲಸ ಆಗಲಿಲ್ಲ. ವಿಪರೀತ ಸೆಕೆ." ಹಾಗಾಗಿ ಅವತ್ತು ವಾಪಸು ಬಂದದ್ದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಗುಡಗಾಂವ್ ಹರಿಯಾಣಕ್ಕೆ ಸೇರಿದ್ದು, ಅಲ್ಲಿಯ ಆಟೋಗಳು ದೆಹಲಿಯೊಳಗೆ ಬರುವುದಿಲ್ಲ. ಗಡಿಯಲ್ಲಿ ಇಳಿದು, ನಡೆದು ದಾಟಿ, ಈಚೆ ಬದಿಯಲ್ಲಿ ಬೇರೆ ಆಟೋಗೆ ಕಾದೆವು. ಲಾರಿಗಳ ಧೂಳು, ಮೇಲೆ ಬಿಸಿಲು.

"ಆ ಕೊನೇ ಪುಟ ಯಾಕಮ್ಮಾ ತೆಗೆದೆ?"

"ಅದೇ ಎಲ್ಲಕ್ಕಿಂತ ಹೆದರಿಸೋ ಹಾಗಿತ್ತು ಭಾವ."

"ಹೂಂ, ಹೆದರಿಸುತ್ತೆ. ಎಲ್ಲೋ ಒಂದು ಮಗು ಜ್ವರದಲ್ಲಿ ಮಲಗಿರುತ್ತೆ. ನಮ್ಮ ಪಟ್ಟಿ ನೋಡಿ ಏನೂ ಇಲ್ಲ ಅಂತ ಮನೆಗೆ ಕಳಿಸಿಬಿಡ್ತಾರೆ." ಮತ್ತೇನೂ ಬೈಯಲಿಲ್ಲ. ಆಟೋದವನೊಂದಿಗೆ ಚೌಕಾಸಿ ಮಾಡಿ ನನ್ನನ್ನು ಮೊದಲು ಹತ್ತಿಸಿದರು. ಸ್ವಲ್ಪ ದೂರ ಹೋದ ಮೇಲೆ, "ಅಕ್ಕನಿಗೆ ಹೇಳಬೇಡ" ಎಂದರು.

"ದುಡ್ಡು ಬರಲಿಲ್ಲ ಅಂತಾನಾ?"

"ಅದನ್ನ ನಾನೇ ಹೇಳ್ತೀನಿ. ಅದೇನು ಅವಳಿಗೆ ಹೊಸದಾ?" ಆಟೋದವನಿಗೆ ಕನ್ನಡ ಬರುವ ಸಂಭವವೇ ಇರಲಿಲ್ಲ. ಆದರೂ ದನಿ ತಗ್ಗಿಸಿದರು. "ನಾನು ಸುಳ್ಳು ಹೇಳಿದೆ ಅಂತ."

ದ್ವಾರಕಾ ಬರುವವರೆಗೂ ಅವರು ತಲೆ ತಗ್ಗಿಸಿಕೊಂಡೇ ಕೂತಿದ್ದರು, ತಪ್ಪು ಮಾಡಿದವರು ತಾವೇ ಎನ್ನುವ ಹಾಗೆ.