ಎಲೆಗೆ ಎಷ್ಟು ಒಬ್ಬಟ್ಟು?

ನಾದಿನಿಯ ಸೀಮಂತಕ್ಕೆ ಒಬ್ಬಟ್ಟಿನ ಲೆಕ್ಕ ಹಾಕುವ ಹೊಣೆಯನ್ನು ನಾನೇ ಕೇಳಿ ಪಡೆದೆ. ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ, ಪೀಣ್ಯದ ಕಾರ್ಖಾನೆಯೊಂದರಲ್ಲಿ ಗುಣಮಟ್ಟ ಪರೀಕ್ಷಿಸುವವಳಿಗೆ ಒಬ್ಬಟ್ಟು ಯಾವ ಮಹಾ!

“ಎಲೆಗೆ ಮೂರರಂತೆ ಹಿಡಿ, ಸುಮಾ. ಬೀಗರ ಎದುರು ಮಾನ ಹೋಗ್ಬಾರ್ದು,” ಎಂದರು ಅತ್ತೆ.

“ಅಷ್ಟು ಯಾರು ತಿಂತಾರೆ ಅತ್ತೆ?”

“ಮದ್ವೆಯಾದಾಗಿಂದ ಬಡಿಸ್ತಾನೇ ಇದ್ದೀನಿ ಕಣೇ.”

ಬಡಿಸಿದ್ದು ಬೇರೆ, ನೆನಪಿರುವುದು ಬೇರೆ. ನನ್ನ ನೆನಪನ್ನೇ ನಾನು ನಂಬುವುದಿಲ್ಲ. ಅದಕ್ಕೇ ದಿನಚರಿ ಬರೆಯುತ್ತೇನೆ. ಇನ್ನು ಅತ್ತೆಯ ನೆನಪು! ಪರೀಕ್ಷಿಸಿಯೇ ಬಿಡೋಣ ಎಂದುಕೊಂಡೆ. ಶಾಸ್ತ್ರದ ಪ್ರಕಾರ, ವಿರುದ್ಧ ಸಾಕ್ಷ್ಯ ಸಿಗುವವರೆಗೆ ಅತ್ತೆ ಹೇಳಿದ ಸರಾಸರಿಯೇ ಸತ್ಯವೆಂದು ಇಟ್ಟುಕೊಳ್ಳಬೇಕು. ಸೊಸೆಯರಿಗೆ ಈ ವಿಧಾನ ಹೊಸದಲ್ಲ.

ಆ ವಾರವೇ ಮಾಕಳಿಯಲ್ಲಿ ನನ್ನ ಚಿಕ್ಕಪ್ಪನ ಮಗಳ ನಿಶ್ಚಿತಾರ್ಥ. ಅಲ್ಲೂ ಒಬ್ಬಟ್ಟಿನ ಊಟ. ಮೊದಲ ಪಂಕ್ತಿಯ ಎದುರು ನಿಂತು ಹನ್ನೆರಡು ಎಲೆಗಳ ಮೇಲೆ ಕಣ್ಣಿಟ್ಟೆ. ಬಡಿಸುವವರು ಬಂದರೆ ಎಲ್ಲರೂ ಎಲೆಗೆ ಕೈ ಅಡ್ಡ ಹಿಡಿದು “ಬೇಡ, ಬೇಡ” ಅನ್ನುತ್ತಿದ್ದರು. ಸರಾಸರಿ ಒಂದೂವರೆಯನ್ನೂ ದಾಟಲಿಲ್ಲ. ಜನರ ನಿಜವಾದ ಸರಾಸರಿ ಮೂರಾಗಿದ್ದರೆ ಹನ್ನೆರಡು ಎಲೆಗಳ ಮಾದರಿಯಲ್ಲಿ ಇಷ್ಟು ಕಡಿಮೆ ಬರುವ ಸಂಭವ ಇಲ್ಲವೇ ಇಲ್ಲವೆಂದು ಮೊಬೈಲಿನಲ್ಲೇ ಲೆಕ್ಕ ಮಾಡಿದೆ. ಅತ್ತೆಯ ಹೇಳಿಕೆ ಸಕಾರಣವಾಗಿ ತಿರಸ್ಕೃತವಾಯಿತು. ಒಬ್ಬಟ್ಟು ಮಾಡುವವರಿಗೆ ಎಲೆಗೆ ಎರಡರಂತೆ ಹೇಳಿದೆ. ಉದಾರವಾಗಿ!

ಸೀಮಂತದ ದಿನ ವೈಟ್‌ಫೀಲ್ಡ್‌ನಿಂದ ಹೊರಟ ಬೀಗರು ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡರು. ಹಸಿದವರನ್ನು ಕಾಯಿಸುವುದೇಕೆಂದು, ಬಾಗಲಗುಂಟೆಯ ನಮ್ಮ ಮನೆಯ ತಾರಸಿಯಲ್ಲಿ ಮಾವನ ಕಾರ್ಖಾನೆಯ ಹಳೆಯ ಗೆಳೆಯರನ್ನು ಮೊದಲು ಕೂರಿಸಿದೆವು.

“ಇನ್ನೆರಡು ಹಾಕಮ್ಮ, ನಮ್ಮನೇನೇ ಅಲ್ವಾ!”

“ತುಪ್ಪ ಎಲ್ಲಮ್ಮ?”

“ಇವ್ನಿಗೆ ಶುಗರ್ರು, ಇವ್ನದ್ದೂ ನನಗೇ ಹಾಕು!”

ಶುಗರ್ ಇದ್ದವರು ಈ ಸಲಹೆಯನ್ನು ಒಪ್ಪಲಿಲ್ಲ. ನಾಲ್ಕು ತಿಂದರು.

ಬೀಗರು ಬಂದು ಕೂರುವ ಹೊತ್ತಿಗೆ ಬುಟ್ಟಿಯಲ್ಲಿ ಉಳಿದಿದ್ದದ್ದು ಒಬ್ಬಟ್ಟಿನ ಕೆಳಗೆ ಹಾಸಿದ್ದ ಬಾಳೆಲೆ.

“ಮಾಕಳೀಲಿ ಯಾರನ್ನ ಎಣಿಸಿದ್ದೆ?” ಗಂಡ ಪಿಸುಗುಟ್ಟಿದರು.

“ಮೊದಲ ಪಂಕ್ತಿ ರೀ.”

“ಅದು ಗಂಡಿನ ಕಡೆಯವರ ಪಂಕ್ತಿ ಕಣೇ! ಹೊಸ ಬೀಗರ ಮನೇಲಿ ಯಾರು ಹೊಟ್ಟೆ ತುಂಬ ತಿಂತಾರೆ?”

ನಾನು ಅಳೆದದ್ದು ಹಸಿವನ್ನಲ್ಲ, ಸಂಕೋಚವನ್ನು. ಅದೂ ದಶಮಾಂಶ ಸಹಿತ!

ಅತ್ತೆ ಬೀಗಿತ್ತಿಯ ಮುಂದೆ ಕೈ ಮುಗಿದರು. “ತಪ್ಪು ತಿಳ್ಕೋಬೇಡಿ, ಒಬ್ಬಟ್ಟು ಸಾಲ್ದೇ ಹೋಯ್ತು. ನಮ್ಮ ಸೊಸೆ ಲೆಕ್ಕದಲ್ಲಿ ಎಂ.ಎಸ್ಸಿ.”

ಬೀಗಿತ್ತಿ ನನ್ನತ್ತ ಕನಿಕರದಿಂದ ನೋಡಿದರು. “ಪಾಪ, ಇರ್ಲಿ ಬಿಡಿ. ನಮ್ಮನೆಯವರೂ ಲೆಕ್ಕದ ಮೇಷ್ಟ್ರೇ. ತರಕಾರಿಗೆ ನಾನೇ ಹೋಗ್ತೀನಿ.”

ಒಂದೇ ಒಂದು ಸೀಮಂತ ನೋಡಿ ಎಲ್ಲರೂ ನನ್ನ ಬಗ್ಗೆ ತೀರ್ಮಾನಕ್ಕೆ ಬಂದುಬಿಟ್ಟರು. ಮಾದರಿ ಸಾಲದು ಎಂದು ವಾದಿಸಬಹುದಿತ್ತು; ಹನ್ನೆರಡು ಎಲೆ ಎಣಿಸಿದ್ದವಳು ಖಾಲಿ ಬುಟ್ಟಿ ಎತ್ತಿಕೊಂಡು ಕೆಳಗಿಳಿದೆ.