ಅಂದಾನೆಪ್ಪನವರ ಎಡಗೈ

"ಐತವಾರ ಬೀಗರ ಮುಂದ ಚೆಂಡು ಹೆಂಗ ಹೊಡೀತೇನಿ ನೋಡ! ಕಿತ್ತೂರಾಗ ಹೊಡೆದ್ರ ಧಾರವಾಡದಾಗ ಬೀಳಬೇಕು!"

ಬೈಲಹೊಂಗಲದ ಅಡತಿ ವ್ಯಾಪಾರಿ ಅಂದಾನೆಪ್ಪನವರು ಹಿತ್ತಲಲ್ಲಿ ನಿಂತು ಹೀಗೆ ಘೋಷಿಸಿದಾಗ ಕೇಳಲು ಇದ್ದವರು ಇಬ್ಬರು: ಜೋಳ ಹಸನು ಮಾಡುತ್ತಿದ್ದ ಹೆಂಡತಿ ಶೈಲಜಾ, ಮತ್ತು ಕಟ್ಟೆಯ ಮೇಲಿನ ಬೆಕ್ಕು. ಬೆಕ್ಕು ಎದ್ದು ಹೋಯಿತು.

ಪ್ರತಿಜ್ಞೆಗೆ ಕಾರಣವಿತ್ತು. ಮಗಳು ಐಶ್ವರ್ಯಾಳನ್ನು ಕಿತ್ತೂರಿಗೆ ಕೊಟ್ಟು ಇನ್ನೂ ವರ್ಷ ತುಂಬಿರಲಿಲ್ಲ. ಅವಳ ಮಾವ ಸಿದ್ಧಾರೂಢ ಸಾಹೇಬರು ನಿವೃತ್ತ ಇಂಜಿನಿಯರ್. ಹೆದ್ದಾರಿ ಬದಿಯಲ್ಲಿ ಹೊಸದಾಗಿ ತೆರೆದ ಗಾಲ್ಫ್ ಮೈದಾನಕ್ಕೆ ತಪ್ಪದೆ ಹೋಗುವವರು. "ಬೀಗರಽ, ನೀವೂ ಒಂದ್ ಕೈ ನೋಡ್ರಲ್ಲ" ಎಂದು ಅವರು ಊಟಕ್ಕೆ ಕೂತಾಗ ಕರೆದದ್ದೇ ತಡ, ಗಾಲ್ಫ್ ಕೋಲನ್ನು ಹತ್ತಿರದಿಂದ ಕಂಡೂ ಇರದ ಅಂದಾನೆಪ್ಪನವರು ಬಾಯಲ್ಲಿ ಹೋಳಿಗೆ ಇಟ್ಟುಕೊಂಡೇ "ಅದರಾಗೇನೈತ್ರಿ!" ಎಂದುಬಿಟ್ಟರು. ತುಪ್ಪ ಬಡಿಸುತ್ತಿದ್ದ ಮಗಳ ಮುಖ ಅರಳಿತು. ಆ ಮುಖ ಬಾಡಬಾರದು, 'ನಿಮ್ಮಪ್ಪ ಬರೀ ಬಾಯಿಬಡಕ' ಎಂಬ ಮಾತು ಅವಳ ಕಿವಿಗೆ ಬೀಳಬಾರದು. ಅಂದಾನೆಪ್ಪನವರಿಗೆ ನಿದ್ದೆ ಬಾರದಂತೆ ಮಾಡಿದ್ದು ಇದೊಂದೇ.

ಬೀಗರು ತಮ್ಮದೊಂದು ಹಳೆಯ ಡ್ರೈವರ್ ಕೊಟ್ಟು ಕಳಿಸಿದ್ದರು. ಡ್ರೈವರ್ ಎಂದರೆ ಚೆಂಡನ್ನು ಅತಿ ದೂರಕ್ಕೆ ಅಟ್ಟುವ ಉದ್ದನೆಯ ಕೋಲು. ಹಿತ್ತಲಿಗೆ ಅಡ್ಡಲಾಗಿ ಹಳೆಯ ಜಮಖಾನೆ ಕಟ್ಟಿ, ಮೊಬೈಲಿನೊಳಗಿನ ಗುರುವಿಗೆ ನಮಸ್ಕರಿಸಿ, ಅಂದಾನೆಪ್ಪನವರು ಕೋಲೆತ್ತಿದರು. ತಲೆ ತಗ್ಗಿಸು ಎಂದ ಗುರು, ತಗ್ಗಿಸಿದರು. ಸೊಂಟ ತಿರುಗಿಸು ಎಂದ, ತಿರುಗಿಸಿದರು. ಅದನ್ನು ಮತ್ತೆ ಸ್ವಸ್ಥಾನಕ್ಕೆ ತರಲು ಶೈಲಜಾ ಎಣ್ಣೆ ತಿಕ್ಕಬೇಕಾಯಿತು. ಏನು ಮಾಡಿದರೂ ಚೆಂಡು ಮಾತ್ರ ಬಲಕ್ಕೇ ತಿರುಗಿ, ಜಮಖಾನೆಯನ್ನು ಬಳಸಿ, ನೆರೆಮನೆಯ ಯಶೋಧಾ ಅವರ ಮಾಳಿಗೆಗೆ ಹೋಗುತ್ತಿತ್ತು.

"ಅಣ್ಣಾರ," ಯಶೋಧಾ ಮೇಲಿನಿಂದ ಇಣುಕಿದರು, "ನಮ್ಮ ಸಂಡಿಗಿ ಜೋಡಿ ನಿಮ್ಮದೂ ಒಂದು ಒಣಗಾಕತ್ತೈತ್ರಿ!"

ಮರುದಿನ ಅವರ ಸೋಲಾರಿನ ಗಾಜಿನ ನಳಿಗೆ ಫಳ್ಳೆಂದಿತು. ಬಿಸಿನೀರು ಹರಿದು, ಒಣಗಿದ್ದ ಸಂಡಿಗೆಯೆಲ್ಲ ಮತ್ತೆ ಹಿಟ್ಟಾಯಿತು! ಅಂದಾನೆಪ್ಪನವರು ಕೈಮುಗಿದು, ಹೊಸ ನಳಿಗೆ ಹಾಕಿಸಿಕೊಟ್ಟರು. ಸಂಡಿಗೆಯನ್ನು ಶೈಲಜಾ ಕೂತು ಹೊಸದಾಗಿ ಇಟ್ಟುಕೊಟ್ಟಳು.

ಶನಿವಾರ ಬೆಳಿಗ್ಗೆ ವ್ಯಾಪಾರಿಯ ಬುದ್ಧಿ ಓಡಿತು. ಚೆಂಡು ಬಲಕ್ಕೆ ಹೋಗುವುದಾದರೆ ಎಡಕ್ಕೆ ಗುರಿ ಇಟ್ಟರಾಯಿತು, ನಡುವೆ ಬಂದು ಬೀಳುತ್ತದೆ! ಚಳಿಗೆಂದು ಬಿಗಿಯಾದ ಸ್ವೆಟರ್ ಹಾಕಿಕೊಂಡು, ಎಡಕ್ಕಿದ್ದ ತಮ್ಮದೇ ಅಡುಗೆಮನೆಯ ಕಡೆ ಮುಖ ಮಾಡಿ ಬೀಸಿದರು. ಆ ಒಂದು ಸಲ ಮಾತ್ರ ಚೆಂಡು ದಾರ ಹಿಡಿದಂತೆ ನೆಟ್ಟಗೆ ಹೋಯಿತು. ಕಿಟಕಿ ಹೋಯಿತು. ಬೇಳೆಯ ಪಾತ್ರೆ ಮಗುಚಿತು.

ಸೌಟು ಹಿಡಿದೇ ಹೊರಬಂದ ಶೈಲಜಾ ಬೈಯಲಿಲ್ಲ. ಗಂಡನನ್ನು ಮೇಲಿಂದ ಕೆಳಗೆ ನೋಡಿದಳು.

"ಸ್ವೆಟರ್ ತಗೀರಿ."

"ನನ್ನ ಹೊಡಿಯಾಕೇನು?"

"ಅಲ್ಲ, ಇನ್ನೊಂದ್ ಚೆಂಡು ಹೊಡೀರಿ. ಜಮಖಾನಿ ಕಡೆ."

ಹೊಡೆದರು. ಯಶೋಧಾ ಅವರ ಮಾಳಿಗೆ!

"ನನಗ ಗೊತ್ತಿತ್ತು," ಎಂದಳು ಶೈಲಜಾ. "ಕೋಲು ಮ್ಯಾಲೆ ಹೋದಕೂಡ್ಲೆ ನಿಮ್ಮ ಎಡಗೈ ಎದಿಗೆ ಬರತೈತಿ. ಕರಡಗಿ ಹಿಡಕೊಂತೀರಿ! ಬಿಗಿ ಸ್ವೆಟರಿನಾಗ ಅದು ಅಲುಗಾಡಲಿಲ್ಲ, ಅದಕ್ಕಽ ಆ ಚೆಂಡು ನೆಟ್ಟಗ ಹೋತು."

ಅಂದಾನೆಪ್ಪನವರು ತಮ್ಮ ಕೈಯನ್ನೇ ನೋಡಿಕೊಂಡರು. ಹೌದು, ಅದು ಎದೆಯ ಮೇಲೆಯೇ ಇತ್ತು. ಕೊರಳಲ್ಲಿ ತೂಗುವ ಇಷ್ಟಲಿಂಗದ ಬೆಳ್ಳಿ ಕರಡಿಗೆ ಎಲ್ಲಿ ಜಾರುತ್ತದೋ ಎಂದು ಚಿಕ್ಕಂದಿನಿಂದ ಕಾಯುತ್ತ ಬಂದ ಕೈ ಅದು.

"ಬಸ್ ಹಿಡಿಯಾಕ ಓಡುವಾಗ ಹಂಗ, ಬಗ್ಗಿ ಚಪ್ಪಲಿ ಮೆಟ್ಟುವಾಗ ಹಂಗ. ನನ್ನ ನೋಡಾಕ ಬಂದಾಗ ಚಾದ ಕಪ್ ತಗೊಳ್ಳಾಕ ಬಗ್ಗಿದ್ರಲ್ಲ, ಆವಾಗೂ ಹಂಗಽ. ಅದನ್ನ ನೋಡಿಽ ನಾ ಹೂಂ ಅಂದಿದ್ದು. ಇಷ್ಟು ಜತನ ಮಾಡಾಂವ ನನ್ನೂ ಜತನ ಮಾಡತಾನ ಅಂತ."

ಇಷ್ಟು ವರ್ಷದ ಸಂಸಾರದಲ್ಲಿ ಈ ಮಾತು ಅವರು ಕೇಳಿರಲಿಲ್ಲ. ಲಿಂಗ ತೆಗೆದಿಟ್ಟು ಆಡುವ ಮಾತು ಇಬ್ಬರ ತಲೆಯಲ್ಲೂ ಸುಳಿಯಲಿಲ್ಲ. ಸಂಜೆಯೊಳಗೆ ಶೈಲಜಾ ಬನಿಯನ್ನಿನ ಎದೆಗೆ ಒಳಕಿಸೆ ಹೊಲಿದು, ಮೇಲೊಂದು ಗುಂಡಿ ಹಚ್ಚಿದಳು. ಕರಡಿಗೆ ಅದರೊಳಗೆ ಭದ್ರವಾಗಿ ಕೂತಿತು. ಚೆಂಡು ಜಮಖಾನೆಯ ನಟ್ಟನಡುವೆ ಬಡಿಯಿತು.

ಭಾನುವಾರ ಕಿತ್ತೂರಿನ ಮೈದಾನದಲ್ಲಿ ಅಂದಾನೆಪ್ಪನವರ ಮೊದಲ ಹೊಡೆತ ಧಾರವಾಡ ಮುಟ್ಟದಿದ್ದರೂ ಬಲು ದೂರ, ನೆಟ್ಟಗೆ ಹೋಯಿತು. ಅಳಿಯ ಚಪ್ಪಾಳೆ ತಟ್ಟಿದ. ನಂತರ ಬೀಗರ ಸರದಿ. ಚೆಂಡು ಬಲಕ್ಕೆ, ಜಾಲಿಕಂಟಿಯ ಮುಳ್ಳುಪೊದೆಯೊಳಗೆ! ಇನ್ನೊಂದು, ಅದೂ ಜಾಲಿಕಂಟಿ! ಸಾಹೇಬರು ಗಾಳಿಯನ್ನು ಬೈದರು, ಬೂಟನ್ನು ಬೈದರು, ಆಮೇಲೆ ಮಾತೇ ನಿಲ್ಲಿಸಿದರು.

ಐಶ್ವರ್ಯಾ ಅಪ್ಪನ ಪಕ್ಕಕ್ಕೆ ಬಂದು ಪಿಸುಗುಟ್ಟಿದಳು: "ಅಪ್ಪಾ, ಮಾವನವರು ಸೋತ್ರ ಮನ್ಯಾಗ ಯಾರ್ ಕೂಡಾನೂ ಮಾತಾಡೂದಿಲ್ರಿ. ನೀವು ಗೆದ್ದು ಊರಿಗೆ ಹೋಗತೀರಿ, ನಾ ಇಲ್ಲೇ ಇರಾಕಿ!"

ಅಂದಾನೆಪ್ಪನವರು ಮಗಳ ಕಡೆ ತಿರುಗಿದರು. ಯಾರಿಗಾಗಿ ಇಷ್ಟೆಲ್ಲ ಮಾಡಿದ್ದರೋ ಆ ಮುಖವೇ ಬಾಡಿದೆ! ಸರಿ, ಸೋಲಲೇಬೇಕು. ಮುಂದಿನ ಚೆಂಡಿಗೆ ಎಡಗೈಯನ್ನು ಬೇಕೆಂದೇ ಸಡಿಲ ಬಿಡಬೇಕೆಂದುಕೊಂಡರು, ಅದು ಬಿಡಲೊಲ್ಲದು. ಸೊಂಟ ಸೊಟ್ಟ ಮಾಡಿದರು, ಕಣ್ಣು ಮುಚ್ಚಿದರು. ಚೆಂಡು ಮೊದಲಿನದಕ್ಕಿಂತ ದೂರ, ಮೊದಲಿನದಕ್ಕಿಂತ ನೆಟ್ಟಗೆ ಹೋಯಿತು! ತಪ್ಪು ಮಾಡಬೇಕೆಂದರೂ ಬರುತ್ತಿಲ್ಲ! ಅವರು ದಿಕ್ಕುಗಾಣದೆ ಹೆಂಡತಿಯ ಕಡೆ ನೋಡಿದರು.

ಶೈಲಜಾ ಚೀಲದಿಂದ ಮಡಿಚಿದ ಬನಿಯನ್ ಒಂದನ್ನು ತೆಗೆದು ಬೀಗರ ಮುಂದೆ ಹಿಡಿದಳು. "ಅಣ್ಣಾರ, ನಿಮಗೂ ಒಂದು ಹೊಲದೇನ್ರಿ. ಲಗ್ನದಾಗ ಬಗ್ಗಿ ಅಕ್ಕಿಕಾಳು ಹಾಕುವಾಗ ನಿಮ್ಮ ಎಡಗೈನೂ ಕರಡಗಿಗೇ ಹೋಗಿತ್ತು."

ಸಾಹೇಬರು ಕಾರಿನ ಮರೆಗೆ ಹೋಗಿ ತೊಟ್ಟು ಬಂದರು. ಬೀಸಿದರು. ಚೆಂಡು ನೆಟ್ಟಗೆ, ಅಂದಾನೆಪ್ಪನವರ ಚೆಂಡನ್ನೂ ದಾಟಿ ಹೋಯಿತು! ಕುಣಿಯುವುದೊಂದು ಬಾಕಿ. ಸೊಸೆಯ ತಲೆ ಸವರಿ, "ಎಂಥಾ ಮನಿತನದಾಗ ಹುಟ್ಟೀಯವಾ ನೀ!" ಎಂದರು. ಐಶ್ವರ್ಯಾಳ ಮುಖದಲ್ಲಿ ತುಪ್ಪ ಬಡಿಸಿದ ದಿನದ್ದಕ್ಕಿಂತ ದೊಡ್ಡ ನಗು.

ಈ ಮನೆತನದ ಯಜಮಾನರು ತಾವೇ ಎಂದು ಅಂದಾನೆಪ್ಪನವರು ಎದೆಯುಬ್ಬಿಸಿ ಒಂದು ಹೆಜ್ಜೆ ಮುಂದೆ ಬಂದರು. ಆದರೆ ಬೀಗರು ಕೈಮುಗಿದು ನಿಂತದ್ದು ಶೈಲಜಾಳ ಮುಂದೆ.

"ಅಕ್ಕಾರ, ಇನ್ನ ಪ್ರತಿ ಐತವಾರ ನೀವು ತಪ್ಪಿಸೂಹಂಗಿಲ್ಲ. ಬೇಕಾದ್ರ ಬೀಗರನ್ನೂ ಕರ್ಕೊಂಡ್ ಬರ್ರಿ, ಜಾಲಿಕಂಟ್ಯಾಗಿನ ಚೆಂಡು ಆರಸಾಕ ಒಬ್ಬರು ಬೇಕಾಗತಾರ!"