ಹುರಮಂಜದ ಗುರುತು

ಶಿದ್ರಾಮನ ಎತ್ತಿಗೆ ಹಲ್ಲು ತೋರಿಸುವುದೆಂದರೆ ಮೈಯೆಲ್ಲ ಉರಿ. ಹೋದ ಸಂತೆಯಲ್ಲಿ ವಯಸ್ಸು ತಿಳಿಯಲೆಂದು ಬಾಯಿ ಬಿಡಿಸಿದ ಗಿರಾಕಿಯನ್ನು ಕಬ್ಬಿನ ಸಿಪ್ಪೆಯಂತೆ ಎತ್ತಿ ಒಗೆದಿತ್ತು. ಇವತ್ತಾದರೂ ಗಡಿಯಾಚೆಯ ಸಂತೆಯಲ್ಲಿ ಮಾರಿ ಕೈ ತೊಳೆದುಕೊಳ್ಳಬೇಕೆಂದು ಶಿದ್ರಾಮ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಹೊರಟಿದ್ದ.

ದಾರಿಯಲ್ಲಿ ಸಿಗುವ ಘೋಡಗೇರಿಯ ಸಂತೆಯಲ್ಲಿ ಹಲ್ಲು ನೋಡುವವಳು ಇಂದ್ರವ್ವ. ನೋಡಿದ ಎತ್ತಿನ ಕೋಡಿಗೆ ಕೆಂಪು ಹುರಮಂಜ ಬಳಿಯುತ್ತಾಳೆ; ಆಮೇಲೆ ಅಲ್ಲಿ ಯಾರೂ ಅದರ ಬಾಯಿ ಬಿಡಿಸುವುದಿಲ್ಲ. ಸಂತೆಯಲ್ಲಿ ತಪ್ಪು ಮಾಡಿದವರ ಅಂಗಿಗೂ ಅದೇ ಬಣ್ಣ. ಸಂತೆಯ ಸಗಣಿ ಬಳಿದು ಬುಟ್ಟಿಗೆ ತುಂಬುವವರೆಗೆ ಆ ಅಂಗಿ ತೊಳೆಯುವಂತಿಲ್ಲ. ಗಡಿಯ ಎರಡೂ ಕಡೆಯ ಊರಿಗೆಲ್ಲ ಇದು ಗೊತ್ತು.

ನಾಲ್ಕು ಜನ ಹಿಡಿದ ಮೇಲೆ ಎತ್ತು ಬಾಯಿ ಬಿಟ್ಟಿತು; ಇಂದ್ರವ್ವ ಹಲ್ಲು ನೋಡಿ ಕೋಡಿಗೆ ಹುರಮಂಜ ಬಳಿದಳು. ಅಷ್ಟರಲ್ಲಿ ಶಿದ್ರಾಮ ಗಾಬರಿಯಲ್ಲಿ ಬಾಯೊಳಗಿನ ತಂಬಾಕು ಪಚಕ್ಕನೆ ಉಗುಳಿದ. ಬಿದ್ದದ್ದು ದನ ನೀರು ಕುಡಿಯುವ ತೊಟ್ಟಿಗೆ.

"ಏ ಶಿದ್ರಾಮ! ಕಣ್ಣ ಎಲ್ಲಿಟ್ಟೀ? ತೊಟ್ಟಿ ತೊಳಿ, ಬುಟ್ಟಿ ಹಿಡಿ, ಸಗಣಿ ಬಳಿ!"

"ತಪ್ಪಾತಬೇ ಯವ್ವಾ. ತೊಟ್ಟಿ ತೊಳೀತೇನಿ. ಸಗಣಿ ಮುಂದಿನ ವಾರ. ಗಡಿ ಆಚಿ ಸಂತಿಗೆ ಹೊತ್ತಾತು."

ಇಂದ್ರವ್ವ ಜಗಳವಾಡಲಿಲ್ಲ. "ಹೋಗಿ ಬಾ ತಮ್ಮಾ, ಚಲೋ ಆಗ್ಲಿ" ಎಂದು ಬೆನ್ನು ತಟ್ಟಿ ಕಳಿಸಿದಳು. ಮುದುಕಿ ಮೆತ್ತಗಾದಳಲ್ಲ ಎಂದು ಶಿದ್ರಾಮ ಟೆಂಪೋ ಹತ್ತಿಯೂ ನಗುತ್ತಿದ್ದ.

ಮಹಾರಾಷ್ಟ್ರದ ಸಂತೆಯಲ್ಲಿ ಗಿರಾಕಿ ಸಿಕ್ಕೇಬಿಟ್ಟ. ಹಗ್ಗ ಕೈಗೆ ಕೊಡಬೇಕು, ಅಷ್ಟರಲ್ಲಿ ಸಂತೆಯ ಯಜಮಾನ ಧನ್ಯಕುಮಾರ ಅಡ್ಡ ಬಂದ.

"ತಡೀರಿ. ಬಾಯಿ ಬಿಡಸ್ರಿ, ಹಲ್ಲ ನೋಡೂಣು."

ಶಿದ್ರಾಮ ಎತ್ತಿನ ಮೂತಿಗೆ ಅಡ್ಡ ನಿಂತ. "ಹಲ್ಲ ನೋಡ್ಯಾರ್ರಿ! ಕೋಡಿನ ಮ್ಯಾಲ ಹುರಮಂಜ ಕಾಣವಲ್ದೇನು?"

"ಅದು ಕರ್ನಾಟಕದ್ದು. ಇದು ಮಹಾರಾಷ್ಟ್ರ."

"ಗಡಿ ದಾಟಿದ್ರ ಎತ್ತಿಗೆ ಹೊಸಾ ಹಲ್ಲ ಬರ್ತಾವೇನ್ರಿ? ನಮ್ಮ ಗುರುತು ನೀವು ಒಪ್ರಿ, ನಿಮ್ಮ ಗುರುತು ನಾವು ಒಪ್ತೇವಿ!"

"ಖರೆ ಐತಿ, ಖರೆ ಐತಿ!" ಎಂದಿತು ನೆರೆದ ಮಂದಿ.

ಧನ್ಯಕುಮಾರ ಮೀಸೆ ತಿರುವಿದ. "ಆತು. ಇವತ್ತಿನಿಂದ ಘೋಡಗೇರಿ ಹುರಮಂಜ ಇಲ್ಲೂ ನಡೀತೈತಿ. ಎತ್ತಿಗಷ್ಟೋ, ಎಲ್ಲಾದಕ್ಕೂನೋ?"

"ಎಲ್ಲಾದಕ್ಕೂ!" ಶಿದ್ರಾಮ ಎರಡೂ ಕೈ ಎತ್ತಿ, ಗೆದ್ದ ಪೈಲ್ವಾನನಂತೆ ಮಂದಿಯ ಕಡೆ ಗರಗರ ತಿರುಗಿದ.

ಸಂತೆಗೆ ಸಂತೆಯೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಬಿಳಿ ಅಂಗಿಯ ಬೆನ್ನ ಮೇಲೆ ಇಂದ್ರವ್ವನ ಐದೂ ಬೆರಳು ಕೆಂಪಗೆ ಮೂಡಿದ್ದವು.

"ನೀನ ಅಂದೀಯಪಾ" ಎಂದ ಧನ್ಯಕುಮಾರ. "ಅಲ್ಲಿ ತಪ್ಪ ಮಾಡಿದವ ಇಲ್ಲೂ ತಪ್ಪ ಮಾಡಿದವನ. ಏ, ಇವಗ ಬುಟ್ಟಿ ಕೊಡ್ರೋ!"

ಗಿರಾಕಿ ಹಗ್ಗದತ್ತ ಚಾಚಿದ್ದ ಕೈ ಹಿಂದಕ್ಕೆ ಎಳೆದುಕೊಂಡ. "ಹುರಮಂಜ ಬಡಿಸ್ಕೊಂಡವನ ಕೂಡ ವ್ಯಾಪಾರ ಬ್ಯಾಡ್ರಿ ಮಾವಾ" ಎಂದು ಮುಂದಿನ ಎತ್ತಿನತ್ತ ನಡೆದ.

ಶಿದ್ರಾಮ ಬುಟ್ಟಿ ಹಿಡಿದು ಸಗಣಿಗೆ ಬಗ್ಗಿದ. ಅವನ ಎತ್ತು ಆರಾಮವಾಗಿ ನಿಂತು, ಯಾರೂ ಕೇಳದಿದ್ದರೂ, ಅಗಲಕ್ಕೆ ಆಕಳಿಸಿ ಇದ್ದಬದ್ದ ಹಲ್ಲನ್ನೆಲ್ಲ ಇಡೀ ಸಂತೆಗೆ ತೋರಿಸಿತು.